ಕ್ಲಚ್ ಪೆಡಲ್ ಸ್ಪ್ರಿಂಗ್ ಮುರಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಕ್ಲಚ್ ಪೆಡಲ್ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕೈ ಕೊಳಕು ಮಾಡಿಕೊಳ್ಳುವವರಿಗೆ ಬೇಕಾದವು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆದರೆ ಪೆಡಲ್ ನೆಲಕ್ಕೆ ಬಿದ್ದು ಮೇಲೇಳದೆ ಇದ್ದರೆ ನಾಲ್ಕನೇ ಪ್ರಶ್ನೆ ಓದದೆ ಸ್ಪ್ರಿಂಗ್ ತರಲು ಹೋಗಬೇಡಿ.

## ಮೊದಲು ಗೊತ್ತಿರಬೇಕಾದ್ದು

1. ಮೆಕ್ಯಾನಿಕ್ "ಕ್ಲಚ್ ಸ್ಪ್ರಿಂಗ್ ಹೋಗಿದೆ" ಅಂದ್ರು. ಯಾವ ಸ್ಪ್ರಿಂಗ್ ಅದು?

ವಾಪಸ್ ಅವರನ್ನೇ ಕೇಳಿ. ಒಂದು ಕ್ಲಚ್‌ನಲ್ಲಿ "ಸ್ಪ್ರಿಂಗ್" ಅನ್ನಿಸಿಕೊಳ್ಳುವುದು ಬೇಕಾದಷ್ಟಿದೆ.

ನಿಮ್ಮ ಕಾಲಿನ ಹತ್ತಿರ, ಡ್ಯಾಶ್‌ಬೋರ್ಡ್ ಕೆಳಗೆ, ಪೆಡಲ್‌ಗೆ ಸಿಕ್ಕಿಸಿರುವುದು ಪೆಡಲ್ ಸ್ಪ್ರಿಂಗ್. ಈ ಬರಹ ಅದರ ಬಗ್ಗೆಯೇ. ಕೆಲವು ಗಾಡಿಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಗೇರ್ ಬಾಕ್ಸ್ ಹೊರಗೆ ಕ್ಲಚ್ ಫೋರ್ಕ್ (ಕ್ಲಚ್ ಬಿಡಿಸುವ ಸನ್ನೆ) ಎಳೆದು ಹಿಡಿಯುವ ಇನ್ನೊಂದು ಸ್ಪ್ರಿಂಗ್ ಇರುತ್ತದೆ. ಇವೆರಡಕ್ಕೂ ಗೇರ್ ಬಾಕ್ಸ್ ಇಳಿಸಬೇಕಿಲ್ಲ.

ಉಳಿದವು ಒಳಗಿನವು. ಪ್ರೆಶರ್ ಪ್ಲೇಟಿನಲ್ಲಿ ತಟ್ಟೆಯಂಥ ಡಯಾಫ್ರಾಮ್ ಸ್ಪ್ರಿಂಗ್ ಇದೆ. ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ, ಅಂದರೆ ಎಂಜಿನ್ ಜೊತೆ ತಿರುಗುವ ಚಕ್ರಕ್ಕೆ, ಒತ್ತಿ ಹಿಡಿಯುವುದು ಅದೇ. ಕ್ಲಚ್ ಪ್ಲೇಟಿನ ನಡುವೆ ಸುತ್ತಲೂ ಕೂತಿರುವ ಸಣ್ಣ ದಪ್ಪ ಸ್ಪ್ರಿಂಗ್‌ಗಳು ಎಂಜಿನ್‌ನ ಅದುರನ್ನು ಹೀರಿಕೊಳ್ಳುತ್ತವೆ. ಇವುಗಳಲ್ಲಿ ಯಾವುದು ಮುರಿದರೂ ಗೇರ್ ಬಾಕ್ಸ್ ಇಳಿಸಲೇಬೇಕು. ಪೆಡಲ್ ಸ್ಪ್ರಿಂಗ್ ಸಣ್ಣ ಕೆಲಸ, ಒಳಗಿನದು ಒಂದು ದಿನದ ಕೆಲಸ. ಅದಕ್ಕೇ "ಯಾವುದು?" ಅಂತ ಕೇಳಿಯೇ ಮುಂದುವರಿಯಿರಿ.

2. ಕ್ಲಚ್ ತಾನೇ ಪೆಡಲನ್ನು ಮೇಲೆ ತಳ್ಳುತ್ತಲ್ಲ? ಮತ್ತೆ ಈ ಸ್ಪ್ರಿಂಗ್ ಯಾಕೆ?

ಒಳ್ಳೆ ಪ್ರಶ್ನೆ. ಪೆಡಲ್ ಒತ್ತಿದಾಗ ನಿಮ್ಮ ಕಾಲಿಗೆ ಎದುರು ನಿಲ್ಲುವ ಬಲದಲ್ಲಿ ಹೆಚ್ಚಿನದು ಡಯಾಫ್ರಾಮ್ ಸ್ಪ್ರಿಂಗ್‌ನದು. ಕಾಲು ತೆಗೆದಾಗ ಪೆಡಲನ್ನು ಬಹುಮಟ್ಟಿಗೆ ಮೇಲೆ ತಳ್ಳುವುದೂ ಅದೇ. ಆದರೆ ಅದರ ಬಲ ಕೊನೆಯ ಒಂದೆರಡು ಸೆಂಟಿಮೀಟರ್‌ಗೆ ಮುಟ್ಟುವುದಿಲ್ಲ. ಅಷ್ಟು ಹೊತ್ತಿಗೆ ಕ್ಲಚ್ ಪೂರ್ತಿ ಕೂಡಿಕೊಂಡು ಆಗಿರುತ್ತದೆ, ತಳ್ಳಲು ಏನೂ ಉಳಿದಿರುವುದಿಲ್ಲ. ಆ ಕೊನೆಯ ಭಾಗವನ್ನು ಎಳೆದು ಪೆಡಲನ್ನು ತಡೆಗೆ ತಾಗಿಸಿ ನಿಲ್ಲಿಸುವುದು ರಿಟರ್ನ್ ಸ್ಪ್ರಿಂಗ್.

ಇನ್ನೊಂದು ಬಗೆಯ ಪೆಡಲ್ ಸ್ಪ್ರಿಂಗ್ ಇದೆ. ಅದನ್ನು ಹೆಲ್ಪರ್ ಸ್ಪ್ರಿಂಗ್ ಅಥವಾ ಓವರ್ ಸೆಂಟರ್ ಸ್ಪ್ರಿಂಗ್ ಅನ್ನುತ್ತಾರೆ. ಪೆಡಲ್ ಮೇಲಿದ್ದಾಗ ಅದು ಮೇಲಕ್ಕೇ ಒತ್ತುತ್ತದೆ. ಪೆಡಲ್ ಒಂದು ಹಂತ ದಾಟಿ ಕೆಳಗೆ ಹೋದ ಕೂಡಲೇ ಪಕ್ಷ ಬದಲಿಸಿ ನಿಮ್ಮ ಕಾಲಿನ ಜೊತೆ ಸೇರಿ ಕೆಳಕ್ಕೆ ಒತ್ತುತ್ತದೆ. ಟ್ರಾಫಿಕ್‌ನಲ್ಲಿ ಮಂಡಿ ನೋಯದೆ ಇರಲಿ ಅಂತ ಮಾಡಿದ ಏರ್ಪಾಡು. ನಿಮ್ಮ ಕಾರಿನಲ್ಲಿ ಒಂದೇ ಇರಬಹುದು, ಎರಡೂ ಇರಬಹುದು. ಪೆಡಲ್ ತಿರುಗುವ ಕಂಬಿಗೆ ಸುತ್ತಿಕೊಂಡು ಕೂತ ತಿರುಚು ಸ್ಪ್ರಿಂಗ್ ಇರುವ ಕಾರುಗಳೂ ಇವೆ.

3. "ಟಣ್" ಅಂತ ಸದ್ದು ಬಂತು, ಆಮೇಲೆ ಪೆಡಲ್ ಲೊಡಲೊಡ ಅಂತಿದೆ. ಸ್ಪ್ರಿಂಗೇ ಮುರಿದಿದೆ ಅಂತ ಹೇಗೆ ಗೊತ್ತಾಗುತ್ತೆ?

ಎಂಜಿನ್ ಆಫ್ ಮಾಡಿ. ಕಾಲ್ಬೆರಳನ್ನು ಪೆಡಲ್ ಕೆಳಗೆ ಕೊಟ್ಟು ಮೇಲಕ್ಕೆ ಎತ್ತಿ. ಒಂದೆರಡು ಸೆಂಟಿಮೀಟರ್ ಸುಲಭವಾಗಿ ಮೇಲೆ ಬಂದು, ಬಿಟ್ಟ ಕೂಡಲೇ ಜಾರಿ ಕೆಳಗಿಳಿದರೆ ರಿಟರ್ನ್ ಸ್ಪ್ರಿಂಗ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಅದೇ ಹೊತ್ತಿಗೆ ಕ್ಲಚ್ ಮೊದಲಿನ ಹಾಗೇ ಕೆಲಸ ಮಾಡುತ್ತಿರಬೇಕು. ಗೇರ್ ಸಲೀಸಾಗಿ ಬೀಳಬೇಕು, ರಿವರ್ಸ್ ಹಾಕಿದಾಗ ಕಿರ್ ಅನ್ನಬಾರದು. ಇವೆರಡೂ ಕೂಡಿಬಂದರೆ ಅನುಮಾನ ಸರಿಯಾದ ಕಡೆಗೇ ಇದೆ.

ಆಮೇಲೆ ಟಾರ್ಚ್ ಹಿಡಿದು ಕೆಳಗೆ ನೋಡಿ. ಡ್ರೈವರ್ ಸೀಟ್ ಪೂರ್ತಿ ಹಿಂದೆ ತಳ್ಳಿ, ತಲೆ ಒಳಗೆ ಹಾಕಿ. ಸುಖವಾದ ಭಂಗಿ ಅಲ್ಲ, ಬೇರೆ ದಾರಿಯೂ ಇಲ್ಲ. ಪೆಡಲ್ ಕಂಬಿ ಹಿಡಿದುಕೊಂಡು ಕಣ್ಣನ್ನು ಮೇಲಕ್ಕೆ ಒಯ್ಯಿರಿ. ಒಂದು ತುದಿ ಬ್ರಾಕೆಟ್‌ನ ತೂತಿನಲ್ಲಿ, ಇನ್ನೊಂದು ತುದಿ ಗಾಳಿಯಲ್ಲಿ ನೇತಾಡುವ ಸ್ಪ್ರಿಂಗ್ ಕಂಡರೆ ಮುಗಿಯಿತು. ಸ್ಪ್ರಿಂಗೇ ಕಾಣದಿದ್ದರೆ ಮ್ಯಾಟ್ ಎತ್ತಿ ನೋಡಿ. ಕೊಕ್ಕೆಯ ತುಂಡು ಬಹಳ ಸಲ ಕಾರ್ಪೆಟ್‌ನಲ್ಲೇ ಹುದುಗಿರುತ್ತದೆ.

ಸ್ಪ್ರಿಂಗ್ ಸರಿಯಾಗೇ ಇದ್ದು ಬರೀ ಕೊಕ್ಕೆ ತೂತಿನಿಂದ ಜಾರಿರುವುದೂ ಉಂಟು. ಆಗ ಅದನ್ನೇ ಮತ್ತೆ ಸಿಕ್ಕಿಸಬಹುದು. ಆದರೆ ಯಾಕೆ ಜಾರಿತು ಅಂತ ನೋಡಿ. ಕೊಕ್ಕೆ ಬಾಯಿ ಬಿಟ್ಟಿದೆಯೋ, ತೂತು ಸವೆದು ಉದ್ದವಾಗಿದೆಯೋ?

4. ಪೆಡಲ್ ನೆಲಕ್ಕೆ ಹೋಗಿ ಮೇಲೇಳ್ತಾನೇ ಇಲ್ಲ. ಇದು ಸ್ಪ್ರಿಂಗ್ ಅಲ್ವಾ?

ಹೆಚ್ಚಿನ ಸಲ ಅಲ್ಲ. ತಪ್ಪು ಸಾಮಾನು ತಂದು ಹಾಕುವುದು ಇಲ್ಲೇ.

ಎರಡನೇ ಉತ್ತರದಲ್ಲಿ ಹೇಳಿದ ಹಾಗೆ, ಪೆಡಲನ್ನು ಕೆಳಗಿನಿಂದ ಮೇಲೆ ತಳ್ಳುವುದು ಕ್ಲಚ್ಚೇ. ಅದು ತಳ್ಳುತ್ತಿಲ್ಲ ಅಂದರೆ ಕ್ಲಚ್‌ಗೂ ಪೆಡಲ್‌ಗೂ ಮಧ್ಯೆ ಎಲ್ಲೋ ಸಂಪರ್ಕ ತಪ್ಪಿದೆ. ಹೈಡ್ರಾಲಿಕ್ ಕ್ಲಚ್ (ಪೆಡಲ್ ಒತ್ತಡವನ್ನು ಪೈಪಿನಲ್ಲಿರುವ ಬ್ರೇಕ್ ಆಯಿಲ್ ಒಯ್ಯುವ ಬಗೆ) ಆದರೆ ಆಯಿಲ್ ಸೋರಿದೆ, ಗಾಳಿ ಸೇರಿದೆ, ಇಲ್ಲವೇ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಅಥವಾ ಕ್ಲಚ್ ಕಡೆಯ ಸ್ಲೇವ್ ಸಿಲಿಂಡರ್‌ನ ರಬ್ಬರ್ ಸೀಲ್ ಹೋಗಿದೆ. ಕೇಬಲ್ ಕ್ಲಚ್ ಆದರೆ ಕೇಬಲ್ ತುಂಡಾಗಿದೆ ಅಥವಾ ತುದಿ ಕಳಚಿದೆ. ತಾನೇ ಅಡ್ಜಸ್ಟ್ ಆಗುವ ಕೇಬಲ್ ಇದ್ದರೆ ಅದರ ಹಲ್ಲು ಸವೆದು ಜಾರುತ್ತಿರಬಹುದು.

ಓವರ್ ಸೆಂಟರ್ ಸ್ಪ್ರಿಂಗ್ ಇರುವ ಕಾರಿನಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಆಯಿಲ್ ಒತ್ತಡ ಹೋದಾಗ ಪೆಡಲನ್ನು ನೆಲಕ್ಕೆ ಅಂಟಿಸಿ ಹಿಡಿಯುವುದು ಆ ಸ್ಪ್ರಿಂಗೇ. ಅಂದರೆ ಸ್ಪ್ರಿಂಗ್ ಗಟ್ಟಿಮುಟ್ಟಾಗಿದೆ, ಅದಕ್ಕೇ ಪೆಡಲ್ ಕೆಳಗಿದೆ! ಜನ ಅದನ್ನೇ ಬದಲಾಯಿಸಿ, ಪೆಡಲ್ ಇನ್ನೂ ನೆಲದಲ್ಲೇ ಇರುವುದನ್ನು ನೋಡಿ ತಲೆ ಕೆರೆದುಕೊಳ್ಳುತ್ತಾರೆ.

ಹೈಡ್ರಾಲಿಕ್ ಆದರೆ ಹೀಗೆ ಪರೀಕ್ಷೆ ಮಾಡಿ. ಪೆಡಲನ್ನು ಕಾಲಿನಿಂದ ಮೇಲೆತ್ತಿ, ಹತ್ತು ಸಲ ಬೇಗ ಬೇಗ ಪಂಪ್ ಹೊಡೆಯಿರಿ. ಸ್ವಲ್ಪ ಬಿಗಿ ಬಂದು ಆಮೇಲೆ ಮತ್ತೆ ಕುಸಿದರೆ ಗಾಳಿ ಅಥವಾ ಸೀಲ್. ಬಾನೆಟ್ ಎತ್ತಿ ಡಬ್ಬಿಯಲ್ಲಿ ಈ ಬ್ರೇಕ್ ಆಯಿಲ್ ಮಟ್ಟ ನೋಡಿ. ಹಲವು ಕಾರುಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ, ಕ್ಲಚ್‌ಗೆ ಹೋಗುವ ಪೈಪ್ ಡಬ್ಬಿಯಲ್ಲಿ ಮೇಲ್ಮಟ್ಟದಿಂದ ಹೊರಡುತ್ತದೆ. ಹೀಗಾಗಿ ಆಯಿಲ್ ಇಳಿದಾಗ ಮೊದಲು ಹೋಗುವುದು ಕ್ಲಚ್, ಬ್ರೇಕ್ ಉಳಿದಿರುತ್ತದೆ. ಆದರೆ ಆಯಿಲ್ ಎಲ್ಲೋ ಹೋಗಿದೆ ಅನ್ನುವುದು ಬ್ರೇಕ್‌ಗೂ ಎಚ್ಚರಿಕೆಯೇ. ಸುಮ್ನೆ ತುಂಬಿಸಿ ಓಡಿಸಬೇಡಿ.

ಸೋರಿದ ಜಾಗ ಹುಡುಕಲು ಮೂರು ಕಡೆ ನೋಡಿ. ಪೆಡಲ್ ಮೇಲೆ ತಳ್ಳುಕಡ್ಡಿ ಎಂಜಿನ್ ಕಡೆಯ ಗೋಡೆಯೊಳಗೆ ಹೋಗುವ ಜಾಗದಲ್ಲಿ ಬೆರಳಾಡಿಸಿ, ಒದ್ದೆ ಇದ್ದರೆ ಮಾಸ್ಟರ್ ಸಿಲಿಂಡರ್. ಗೇರ್ ಬಾಕ್ಸ್ ಪಕ್ಕ ಹೊರಗೆ ಕಾಣುವ ಸ್ಲೇವ್ ಸಿಲಿಂಡರ್‌ನ ರಬ್ಬರ್ ಟೋಪಿ ಎತ್ತಿದಾಗ ಆಯಿಲ್ ಹನಿದರೆ ಅದು. ಎಂಜಿನ್, ಗೇರ್ ಬಾಕ್ಸ್ ಕೂಡುವ ಜಾಗದ ತಳದಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕಿದರೆ ಸ್ಲೇವ್ ಒಳಗೇ ಇದೆ. ಅದಕ್ಕೆ ಗೇರ್ ಬಾಕ್ಸ್ ಇಳಿಸಬೇಕು.

5. ಮ್ಯಾಟ್ ಸಿಕ್ಕಿಹಾಕಿಕೊಂಡೂ ಹೀಗಾಗುತ್ತಾ?

ಆಗುತ್ತೆ. ದಪ್ಪ ರಬ್ಬರ್ ಮ್ಯಾಟ್ ಮುಂದೆ ಜಾರಿ ಪೆಡಲ್ ತಲೆಗೆ ಕೊಕ್ಕೆ ಹಾಕಿಕೊಂಡಿರುತ್ತದೆ. ಏನನ್ನೂ ಬಿಚ್ಚುವ ಮೊದಲು ಮ್ಯಾಟ್ ತೆಗೆದು ಹೊರಗಿಟ್ಟು ಒಮ್ಮೆ ನೋಡಿ.

## ದಾರಿಯಲ್ಲಿ ಕೈಕೊಟ್ಟಾಗ

6. ಓಡಿಸ್ತಾ ಇರುವಾಗ ಸ್ಪ್ರಿಂಗ್ ಮುರಿದರೆ ಮೊದಲು ಏನು ಮಾಡಬೇಕು?

ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮುರಿದ ತುಂಡು ಹುಡುಕಿ. ಕ್ಲಚ್ ಚಿಂತೆ ಆಮೇಲೆ.

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ನಿಜವಾಗಿ ಅಪಾಯ ಅನ್ನಬಹುದಾದ್ದು ಇದೊಂದೇ. ಕ್ಲಚ್ ಪೆಡಲ್ ಪಕ್ಕದಲ್ಲೇ ಬ್ರೇಕ್ ಪೆಡಲ್ ಇದೆ. ಮುರಿದ ಸ್ಪ್ರಿಂಗ್ ಅಥವಾ ಅದರ ಅರ್ಧ ಉರುಳಿ ಬ್ರೇಕ್ ಪೆಡಲ್ ಕೆಳಗೆ ನಿಂತರೆ, ಇಲ್ಲಾ ಅದರ ಕಂಬಿಗೆ ಸಿಕ್ಕಿಕೊಂಡರೆ, ಬ್ರೇಕ್ ಪೂರ್ತಿ ಒತ್ತಲು ಆಗದೆ ಹೋಗಬಹುದು. ತುಂಡುಗಳನ್ನು ಜೋಡಿಸಿ ನೋಡಿ, ಎರಡು ತುದಿಗೂ ಕೊಕ್ಕೆ ಇದೆಯಾ? ಒಂದು ಕೊಕ್ಕೆ ಕಮ್ಮಿ ಇದ್ದರೆ ಅದು ಇನ್ನೂ ಅಲ್ಲೇ ಎಲ್ಲೋ ಇದೆ. ನೇತಾಡುತ್ತಿರುವ ಅರ್ಧವನ್ನೂ ಕಳಚಿ ತೆಗೆಯಿರಿ. ಹೊರಡುವ ಮುಂಚೆ ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಪೂರ್ತಿ ಒತ್ತಿ ಬಿಟ್ಟು ನೋಡಿ.

7. ತುಂಡು ಎಲ್ಲಾ ತೆಗೆದೆ. ಹಾಗೇ ಓಡಿಸಬಹುದಾ?

ಮುರಿದದ್ದು ರಿಟರ್ನ್ ಸ್ಪ್ರಿಂಗ್ ಮಾತ್ರ, ಕ್ಲಚ್ ಸರಿಯಾಗಿ ಬಿಡುತ್ತಿದೆ, ಕೂಡುತ್ತಿದೆ ಅಂದರೆ ಗ್ಯಾರೇಜ್ ತನಕ ಅಥವಾ ಮನೆ ತನಕ ಓಡಿಸಬಹುದು. ಪ್ರತಿ ಸಲ ಗೇರ್ ಬದಲಿಸಿದ ಮೇಲೆ ಪಾದದ ಮೇಲ್ಭಾಗದಿಂದ ಪೆಡಲನ್ನು ಮೇಲೆತ್ತಿ. ಎತ್ತುವಾಗ ಕಣ್ಣು ರಸ್ತೆ ಮೇಲೇ ಇರಲಿ. ಅಭ್ಯಾಸ ಇಲ್ಲದವರಿಗೆ ಇದು ಗಮನ ತಪ್ಪಿಸುವ ಕೆಲಸ.

ವಾರಗಟ್ಟಲೆ ಹಾಗೇ ಬಿಡಬೇಡಿ. ಯಾಕೆ ಅನ್ನುವುದು 17ನೇ ಪ್ರಶ್ನೆಯಲ್ಲಿದೆ.

8. ಕ್ಲಚ್ಚೇ ಬಿಡ್ತಾ ಇಲ್ಲ, ಆದರೂ ಗಾಡಿಯನ್ನು ಸ್ವಲ್ಪ ದೂರ ತೆಗೆಯಲೇಬೇಕು. ಆಗುತ್ತಾ?

ಅಪಾಯದ ಜಾಗದಿಂದ ಪಕ್ಕಕ್ಕೆ ತರುವಷ್ಟು ಆಗುತ್ತೆ. ಸಮತಟ್ಟಾಗಿದ್ದರೆ ನ್ಯೂಟ್ರಲ್‌ನಲ್ಲಿ ತಳ್ಳುವುದೇ ಉತ್ತಮ. ತಳ್ಳುವವರಿಲ್ಲದಿದ್ದರೆ ಹೀಗೆ: ಎಂಜಿನ್ ಆಫ್ ಇರುವಾಗಲೇ ಮೊದಲನೇ ಗೇರ್ ಹಾಕಿ. ಮುಂದೆ ಯಾರೂ, ಏನೂ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಪೆಡಲ್ ಒತ್ತಿ ಸ್ಟಾರ್ಟ್ ಮಾಡಿ. ಕ್ಲಚ್ ಬಿಡದಿದ್ದರೂ ಪೆಡಲ್ ಒತ್ತಬೇಕು, ಇಲ್ಲದಿದ್ದರೆ ಹಲವು ಕಾರುಗಳಲ್ಲಿ ಸ್ವಿಚ್ ಒಪ್ಪದೆ ಸ್ಟಾರ್ಟರ್ ತಿರುಗುವುದಿಲ್ಲ. ಕಾರು ಜರ್ಕ್ ಹೊಡೆದು ಸ್ಟಾರ್ಟರ್ ಬಲದಿಂದಲೇ ಮುಂದೆ ಸರಿಯುತ್ತದೆ, ಎಂಜಿನ್ ಹಿಡಿದರೆ ಮೊದಲನೇ ಗೇರ್‌ನಲ್ಲೇ ತೆವಳುತ್ತದೆ. ನಿಲ್ಲಿಸುವಾಗ ಆಕ್ಸಿಲರೇಟರ್ ಬಿಟ್ಟು, ಭಾರ ಕಳೆದ ಕ್ಷಣದಲ್ಲಿ ಮೆಲ್ಲಗೆ ನ್ಯೂಟ್ರಲ್‌ಗೆ ಎಳೆಯಿರಿ.

ಕ್ಲಚ್ ಇಲ್ಲದೆ ಆರ್‌ಪಿಎಂ ಹೊಂದಿಸಿ ಗೇರ್ ಬದಲಿಸುವವರಿದ್ದಾರೆ. ಬಲ್ಲವರಿಗೆ ಸರಿ. ಕಲಿಯಲು ಇದು ಹೊತ್ತಲ್ಲ, ಟೋ ಗಾಡಿ ಕರೆಸಿ.

9. ಬಂಗೀ ಹಗ್ಗ, ದಪ್ಪ ರಬ್ಬರ್ ಬ್ಯಾಂಡ್ ಕಟ್ಟಿ ಮ್ಯಾನೇಜ್ ಮಾಡಬಹುದಾ?

ಆ ದಿನದ ಮಟ್ಟಿಗೆ, ಒಂದು ಷರತ್ತಿನ ಮೇಲೆ: ಅದು ಕಿತ್ತುಬಂದರೂ ಬ್ರೇಕ್ ಪೆಡಲ್ ಕಡೆ ಬೀಳಬಾರದು. ಹಗ್ಗದ ಕಬ್ಬಿಣದ ಕೊಕ್ಕೆ ನಂಬಬೇಡಿ, ಗಂಟು ಹಾಕಿ. ಸ್ಟೀರಿಂಗ್ ಕಂಬಕ್ಕೆ, ವೈರ್‌ಗಳ ಕಟ್ಟಿಗೆ ಕಟ್ಟಬೇಡಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಂಡು ಹೊರಡಿ.

## ರಿಪೇರಿ ಮಾಡುವಾಗ

10. ನಾನೇ ಹಾಕ್ಕೋಬಹುದಾ? ಏನೇನು ಬೇಕು?

ಎರಡು ಕೊಕ್ಕೆಯ ಸಾದಾ ರಿಟರ್ನ್ ಸ್ಪ್ರಿಂಗ್ ಆದರೆ ಖಂಡಿತ. ಟಾರ್ಚ್, ಮುರಿದ ತುಂಡು ತೆಗೆಯಲು ಉದ್ದ ಮೂತಿಯ ಇಕ್ಕಳ, ಹೊಸದನ್ನು ಎಳೆಯಲು ಗಟ್ಟಿ ದಾರ, ಡ್ಯಾಶ್ ಕೆಳಗಿನ ಮುಚ್ಚಳ ಬಿಚ್ಚಲು ಸ್ಕ್ರೂ ಡ್ರೈವರ್. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮಲಗಿ ಮೇಲೆ ನೋಡುತ್ತಾ ಎಳೆದ ಸ್ಪ್ರಿಂಗ್ ಕೈ ಜಾರಿದರೆ ಅದು ಬರುವುದು ನೇರ ಮುಖಕ್ಕೆ.

ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೊಕ್ಕೆ ಯಾವ ತೂತಿನಲ್ಲಿದೆ, ಅದರ ಬಾಯಿ ಯಾವ ಕಡೆಗಿದೆ ಅನ್ನುವುದು ಆಮೇಲೆ ನೆನಪಿರುವುದಿಲ್ಲ. ಸ್ಟೀರಿಂಗ್ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗ್‌ದು. ಮಂಡಿ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಮುಚ್ಚಳವನ್ನೇ ಬಿಚ್ಚಲು ಹೋಗದಿರುವುದು ಲೇಸು.

ಓವರ್ ಸೆಂಟರ್ ಸ್ಪ್ರಿಂಗ್ ಬೇರೆ ಲೆಕ್ಕ. ಅದು ಒತ್ತಿ ಕೂರಿಸಿದ ಸ್ಪ್ರಿಂಗ್, ತುಂಬಾ ಬಲ ಇರುತ್ತದೆ. ಹಲವು ಕಾರುಗಳಲ್ಲಿ ಅದನ್ನು ಒತ್ತಿ ಹಿಡಿಯುವ ಕ್ಲಿಪ್ ಇಲ್ಲದೆ ತೆಗೆಯಲೂ ಆಗುವುದಿಲ್ಲ, ಹಾಕಲೂ ಆಗುವುದಿಲ್ಲ. ಪೆಡಲ್ ಕಂಬಿಗೆ ಸುತ್ತಿದ ಸ್ಪ್ರಿಂಗ್ ಆದರೆ ಪೆಡಲನ್ನೇ ಇಳಿಸಬೇಕು. ಇವೆರಡನ್ನು ಗ್ಯಾರೇಜ್‌ಗೆ ಬಿಡಿ ಅಂತಲೇ ನನ್ನ ಸಲಹೆ.

11. ಒಂದು ಕೊಕ್ಕೆ ಸಿಕ್ಕಿಸಿದೆ, ಇನ್ನೊಂದು ಎಷ್ಟು ಎಳೆದರೂ ತೂತಿಗೆ ತಲುಪ್ತಾನೇ ಇಲ್ಲ. ಇಕ್ಕಳ ಜಾರುತ್ತೆ.

ಸ್ಪ್ರಿಂಗ್ ಎಳೆಯಲು ಇಕ್ಕಳ ಸರಿಯಾದ ಉಪಕರಣವೇ ಅಲ್ಲ. ಸ್ಪ್ರಿಂಗ್ ತಂತಿಗೆ ಗೀರು ಬೀಳುತ್ತದೆ, ನಾಳೆ ಅಲ್ಲಿಂದಲೇ ಮುರಿಯುತ್ತದೆ.

ಮೊದಲು ಪೆಡಲ್ ಪೂರ್ತಿ ಮೇಲೆ ಇರಲಿ. ರಿಟರ್ನ್ ಸ್ಪ್ರಿಂಗ್ ಅತಿ ಕಮ್ಮಿ ಹಿಗ್ಗಬೇಕಾದ್ದು ಆಗಲೇ. ಕೈ ಹೋಗದ ಕಡೆಯ ಕೊಕ್ಕೆಯನ್ನು ಮೊದಲು ಸಿಕ್ಕಿಸಿ. ಗಟ್ಟಿ ದಾರವನ್ನು ಎರಡು ಮಡಿಕೆ ಮಾಡಿ ಇನ್ನೊಂದು ಕೊಕ್ಕೆಗೆ ಹಾಕಿ, ದಾರದ ತುದಿಯನ್ನು ಸ್ಕ್ರೂ ಡ್ರೈವರ್ ಹಿಡಿಗೆ ಸುತ್ತಿ ಎಳೆಯಿರಿ. ಇನ್ನೊಂದು ಕೈಯ ಬೆರಳಿಂದ ಕೊಕ್ಕೆಯನ್ನು ತೂತಿನ ಕಡೆ ತಿರುಗಿಸಿ. ಕೂತ ಮೇಲೆ ದಾರ ಕತ್ತರಿಸಿ ತೆಗೆಯಿರಿ.

ಜಾಗ ತೀರಾ ಕಿರಿದಾಗಿದ್ದರೆ ವಾಷರ್ ಉಪಾಯ ಇದೆ. ಹೊರಗೇ ಸ್ಪ್ರಿಂಗ್‌ನ ಒಂದು ತುದಿಯನ್ನು ಬಟ್ಟೆ ಸುತ್ತಿ ವೈಸ್‌ಗೆ ಕಚ್ಚಿಸಿ. ಸ್ಪ್ರಿಂಗನ್ನು ಒಂದು ಪಕ್ಕಕ್ಕೆ ಬಗ್ಗಿಸಿದರೆ ಎದುರು ಪಕ್ಕದ ಸುತ್ತುಗಳು ಬಾಯಿ ಬಿಡುತ್ತವೆ. ಒಂದೊಂದು ಸಂದಿಗೆ ಒಂದೊಂದು ತೆಳು ವಾಷರ್ ತೂರಿಸಿ. ಆಮೇಲೆ ಈ ಪಕ್ಕಕ್ಕೆ ಬಗ್ಗಿಸಿ ಆ ಪಕ್ಕವೂ ತುಂಬಿಸಿ. ಬಿಟ್ಟಾಗ ಸ್ಪ್ರಿಂಗ್ ಹಿಗ್ಗಿದ ಹಾಗೇ ನಿಂತಿರುತ್ತದೆ! ಒಯ್ದು ಕೈಯಿಂದಲೇ ಎರಡೂ ಕೊಕ್ಕೆ ಸಿಕ್ಕಿಸಿ. ಆಮೇಲೆ ಪೆಡಲ್ ಒತ್ತಿದರೆ ಸ್ಪ್ರಿಂಗ್ ಇನ್ನಷ್ಟು ಹಿಗ್ಗಿ ವಾಷರ್‌ಗಳು ಟಣಟಣ ಅಂತ ಉದುರುತ್ತವೆ. ಹಾಕುವಾಗ ಎಣಿಸಿ, ಉದುರಿದ ಮೇಲೆ ಮತ್ತೆ ಎಣಿಸಿ. ಒಂದೂ ಪೆಡಲ್ ಹತ್ತಿರ ಉಳಿಯಬಾರದು.

12. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಸ್ಪ್ರಿಂಗ್ ಸಿಕ್ಕಿತು. ಸಾಕಲ್ವಾ?

ಉದ್ದ ಒಂದೇ ಇದ್ದ ಮಾತ್ರಕ್ಕೆ ಅದೇ ಸ್ಪ್ರಿಂಗ್ ಆಗುವುದಿಲ್ಲ. ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ, ಮೂರೂ ಸೇರಿ ಅದರ ಬಿಗಿ ತೀರ್ಮಾನ ಆಗುತ್ತದೆ. ಇವುಗಳಲ್ಲಿ ತಂತಿಯ ದಪ್ಪವೇ ಯಜಮಾನ. ಬಿಗಿ ಅನ್ನುವುದು ತಂತಿಯ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. ಸುತ್ತು, ಅಗಲ ಒಂದೇ ಇದ್ದು ತಂತಿ 2 ಮಿಲಿಮೀಟರ್ ಬದಲು 2.4 ಮಿಲಿಮೀಟರ್ ಆದರೆ ಸ್ಪ್ರಿಂಗ್ ಎರಡು ಪಟ್ಟು ಬಿಗಿ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ, ಕಾಲಿಗೆ ಗೊತ್ತಾಗುತ್ತದೆ.

ಬಿಗಿ ಕಮ್ಮಿ ಆದರೆ ಪೆಡಲ್ ಪೂರ್ತಿ ಮೇಲೆ ಬರುವುದಿಲ್ಲ. ಜಾಸ್ತಿ ಆದರೆ ಪೆಡಲ್ ಭಾರ, ತಡೆಗೆ ಬಂದು ಬಡಿಯುತ್ತದೆ, ಬ್ರಾಕೆಟ್ ಮೇಲೂ ಒತ್ತಡ. ಇನ್ನೊಂದು ತೊಂದರೆ, ಪೂರ್ತಿ ಪೆಡಲ್ ಒತ್ತಿದಾಗ ಅಂಗಡಿ ಸ್ಪ್ರಿಂಗ್ ತಾಳುವುದಕ್ಕಿಂತ ಜಾಸ್ತಿ ಹಿಗ್ಗಿ ಶಾಶ್ವತವಾಗಿ ಉದ್ದವಾಗಿಬಿಡಬಹುದು. ನಿಮ್ಮ ಮಾಡೆಲ್‌ಗೆ ಮಾಡಿದ ಸ್ಪ್ರಿಂಗ್ ಸಿಗುತ್ತದೆ ಅಂದರೆ ಅದನ್ನೇ ಹಾಕಿ.

13. ಕೊಕ್ಕೆ ಮಾತ್ರ ಮುರಿದಿದೆ. ಒಂದು ಸುತ್ತು ಬಿಚ್ಚಿ ಹೊಸ ಕೊಕ್ಕೆ ಬಗ್ಗಿಸಿದರೆ?

ಬಗ್ಗಿಸಬಹುದು, ಬಾಳುವುದಿಲ್ಲ. ಸ್ಪ್ರಿಂಗ್ ಗಿಡ್ಡ ಆಗುತ್ತದೆ, ಸುತ್ತು ಕಮ್ಮಿ ಆದಷ್ಟೂ ಬಿಗಿ ಏರುತ್ತದೆ. ತಣ್ಣಗೆ ಬಗ್ಗಿಸಿದರೆ ಬಾಗಿನಲ್ಲಿ ಸಣ್ಣ ಬಿರುಕು ಹುಟ್ಟುತ್ತದೆ. ಕೆಂಪಗೆ ಕಾಯಿಸಿ ಬಗ್ಗಿಸಿದರೆ ಸ್ಪ್ರಿಂಗ್ ಉಕ್ಕಿನ ಹದವೇ ಹೋಗಿ ಬರೀ ತಂತಿ ಆಗುತ್ತದೆ. ಹೊಸದು ಬರುವ ತನಕದ ಉಪಾಯ ಅಂತ ಇಟ್ಟುಕೊಳ್ಳಿ.

14. ಸ್ಪ್ರಿಂಗ್ ಬಿಡಿಯಾಗಿ ಸಿಗಲ್ಲ, ಪೂರಾ ಪೆಡಲ್ ಸೆಟ್ ತಗೋಬೇಕು ಅಂತಾರೆ. ನಿಜವಾ?

ಕೆಲವು ಮಾಡೆಲ್‌ಗಳಲ್ಲಿ ನಿಜ. ಪೆಡಲ್, ಬ್ರಾಕೆಟ್, ಸ್ಪ್ರಿಂಗ್ ಎಲ್ಲ ಒಂದೇ ಪಾರ್ಟ್ ನಂಬರಿನಲ್ಲಿ ಬರುತ್ತವೆ. ಬರೀ ಮಾತಿಗೆ ಒಪ್ಪಬೇಡಿ, ಪಾರ್ಟ್ಸ್ ಚಿತ್ರ ತೋರಿಸಲು ಹೇಳಿ. ಚಿತ್ರದಲ್ಲಿ ಸ್ಪ್ರಿಂಗ್‌ಗೆ ಬೇರೆ ನಂಬರ್ ಇದ್ದರೆ ಬಿಡಿಯಾಗಿ ತರಿಸಬಹುದು. ಇಲ್ಲದಿದ್ದರೆ ಗುಜರಿಗೆ ಹೋದ ಅದೇ ಮಾಡೆಲ್ ಕಾರಿನ ಪೆಡಲ್ ಸೆಟ್ ಒಳ್ಳೆ ದಾರಿ. ಅದರಲ್ಲಿ ಸ್ಪ್ರಿಂಗ್ ಕೊಕ್ಕೆಯ ಬಾಗು ಸವೆದಿದೆಯಾ, ತುಕ್ಕು ಹಿಡಿದಿದೆಯಾ ಅಂತ ನೋಡಿ ತನ್ನಿ.

15. ಹಾಕಿದ ಮೇಲೆ ಕಿರುಗುಡುತ್ತೆ. ಏನು ಹಚ್ಚಲಿ?

ಕೊಕ್ಕೆ ಉಜ್ಜುವ ಎರಡೂ ಕಡೆ, ಪೆಡಲ್ ತಿರುಗುವ ಬುಶ್‌ಗೆ ಚೂರು ಗ್ರೀಸ್. ಪ್ಲಾಸ್ಟಿಕ್ ಬುಶ್ ಆದರೆ ಸಿಲಿಕೋನ್ ಗ್ರೀಸ್. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಒಂದು ವಾರ ಸದ್ದು ನಿಲ್ಲುತ್ತದೆ, ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ, ಪಕ್ಕದ ಸ್ವಿಚ್‌ಗಳಿಗೂ ಸಿಡಿಯುತ್ತದೆ.

## ಇನ್ನೂ ಒಳಗೆ ಹೋಗುವವರಿಗೆ

16. ಸ್ಪ್ರಿಂಗ್ ಮುರಿದಾಗಿನಿಂದ ಕ್ರೂಸ್ ಕಂಟ್ರೋಲ್ ಕೆಲಸ ಮಾಡ್ತಿಲ್ಲ. ಇದಕ್ಕೂ ಅದಕ್ಕೂ ಏನು ಸಂಬಂಧ?

ನೇರ ಸಂಬಂಧ. ಪೆಡಲ್ ಬಳಿ ಸಾಮಾನ್ಯವಾಗಿ ಒಂದೋ ಎರಡೋ ಸ್ವಿಚ್ ಇರುತ್ತವೆ. ಕೆಳಗಿನದು ಪೆಡಲ್ ಪೂರ್ತಿ ಒತ್ತಿದಾಗ ಸ್ಟಾರ್ಟರ್‌ಗೆ ಅನುಮತಿ ಕೊಡುತ್ತದೆ. ಮೇಲಿನದು ಪೆಡಲ್ ಪೂರ್ತಿ ಮೇಲಿದೆಯಾ ಅಂತ ಎಂಜಿನ್ ಕಂಪ್ಯೂಟರ್‌ಗೆ ಹೇಳುತ್ತದೆ. ಪೆಡಲ್ ಒಂದು ಸೆಂಟಿಮೀಟರ್ ಕೆಳಗೆ ನಿಂತರೂ ಸಾಕು, ಕಾಲು ಕ್ಲಚ್ ಮೇಲಿದೆ ಅಂತಲೇ ಕಂಪ್ಯೂಟರ್ ನಂಬುತ್ತದೆ. ಕ್ರೂಸ್ ಹಿಡಿಯುವುದಿಲ್ಲ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಸೌಲಭ್ಯ ಇದ್ದರೆ ಅದೂ ಕೈಕೊಡುತ್ತದೆ.

ಹೊಸ ಸ್ಪ್ರಿಂಗ್ ಹಾಕಿದ ಮೇಲೂ ಸರಿಹೋಗದಿದ್ದರೆ ಸ್ವಿಚ್ ಜರುಗಿದೆಯಾ, ಅದರ ತುದಿಗೆ ತಾಗುವ ಸಣ್ಣ ರಬ್ಬರ್ ಗುಂಡಿ ಉದುರಿದೆಯಾ ನೋಡಿ. ಆ ರಬ್ಬರ್ ಒಣಗಿ ಪುಡಿಯಾಗಿ ಮ್ಯಾಟ್ ಮೇಲೆ ಬಿದ್ದಿರುವುದು ಮಾಮೂಲು.

17. ಪೆಡಲ್ ಪೂರ್ತಿ ಮೇಲೆ ಬರದಿದ್ರೆ ಕ್ಲಚ್ ಪ್ಲೇಟ್ ಸುಡುತ್ತೆ ಅಂತಾರೆ. ಒಂದು ಚೂರು ಕೆಳಗಿದ್ರೆ ಅಷ್ಟೆಲ್ಲಾ ಆಗುತ್ತಾ?

ಆಗಬಹುದು, ಅದೂ ಹೈಡ್ರಾಲಿಕ್ ಕ್ಲಚ್‌ನಲ್ಲಿ ಕಾಣದ ದಾರಿಯಲ್ಲಿ.

ಮಾಸ್ಟರ್ ಸಿಲಿಂಡರ್‌ನಿಂದ ಆಯಿಲ್ ಡಬ್ಬಿಗೆ ಒಂದು ಸಣ್ಣ ದಾರಿ ಇದೆ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ಅದು ತೆರೆಯುತ್ತದೆ. ಎಂಜಿನ್ ಕಾದಾಗ ಪೈಪಿನಲ್ಲಿರುವ ಆಯಿಲ್ ಹಿಗ್ಗುತ್ತದೆ, ಹೆಚ್ಚಾದದ್ದು ಈ ದಾರಿಯಲ್ಲಿ ಡಬ್ಬಿಗೆ ವಾಪಸ್ ಹೋಗಬೇಕು. ಪೆಡಲ್ ತನ್ನ ಭಾರದಿಂದ ತುಸು ಕೆಳಗೆ ನಿಂತರೆ ಪಿಸ್ಟನ್ ದಾರಿಗೆ ಅಡ್ಡ ಕೂರುತ್ತದೆ. ಹಿಗ್ಗಿದ ಆಯಿಲ್‌ಗೆ ಹೋಗಲು ಜಾಗ ಇಲ್ಲ, ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ. ಯಾರೂ ಕಾಲಿಡದೆ ಇದ್ದರೂ ಕ್ಲಚ್ ಮೇಲೆ ಒತ್ತಡ ಬಿದ್ದು ಪ್ಲೇಟ್ ಸ್ಲಿಪ್ ಆಗುತ್ತದೆ. ಬೆಳಗ್ಗೆ ಚೆನ್ನಾಗಿದ್ದು, ಗಾಡಿ ಕಾದ ಮೇಲೆ ಏರಿನಲ್ಲಿ ಆರ್‌ಪಿಎಂ ಏರಿ ವೇಗ ಏರದಿದ್ದರೆ ಇದನ್ನು ಅನುಮಾನಿಸಿ. ಪೆಡಲನ್ನು ಕಾಲಿಂದ ಮೇಲೆತ್ತಿದ ಕೂಡಲೇ ಸ್ಲಿಪ್ ನಿಂತರೆ ಅನುಮಾನ ಗಟ್ಟಿಯಾಯಿತು.

ಕೇಬಲ್ ಕ್ಲಚ್‌ನಲ್ಲಿ ತೊಂದರೆ ನಿಧಾನ. ಫ್ರೀ ಪ್ಲೇ (ಬಿಗಿ ಸಿಗುವ ಮೊದಲಿನ ಸಡಿಲ) ಇರಬೇಕಾದ ಕ್ಲಚ್‌ನಲ್ಲಿ ಪೆಡಲ್ ಭಾರಕ್ಕೆ ಕೇಬಲ್ ಎಳೆದುಕೊಂಡೇ ಇದ್ದರೆ ಡಯಾಫ್ರಾಮ್‌ನ ಬೆರಳುಗಳನ್ನು ಒತ್ತುವ ರಿಲೀಸ್ ಬೇರಿಂಗ್ ಸದಾ ತಾಗಿಕೊಂಡು ತಿರುಗಿ ಬೇಗ ಸವೆಯುತ್ತದೆ.

18. ನಂದು ಉಲ್ಟಾ. ಪೆಡಲ್ ಸಡಿಲ ಆಗಿಲ್ಲ, ಇದ್ದಕ್ಕಿದ್ದಂತೆ ಗಟ್ಟಿ ಆಗಿದೆ. ಅದೂ ಸ್ಪ್ರಿಂಗಾ?

ಇರಬಹುದು. ಹೆಲ್ಪರ್ ಸ್ಪ್ರಿಂಗ್ ಮುರಿದರೆ ಅದರ ಸಹಾಯ ತಪ್ಪಿ ಪೆಡಲ್‌ನ ಕೆಳ ಅರ್ಧ ಭಾರ ಆಗುತ್ತದೆ, ಮೇಲೆ ಮಾತ್ರ ಸಡಿಲ. "ಇದ್ದಕ್ಕಿದ್ದಂತೆ" ಅನ್ನುವುದೇ ಇಲ್ಲಿ ಸುಳಿವು. ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಗಟ್ಟಿಯಾಗುತ್ತಾ ಬಂದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಪ್ಲೇಟ್ ತೆಳುವಾದಂತೆ ಡಯಾಫ್ರಾಮ್‌ನ ಬೆರಳುಗಳ ಕೋನ ಬದಲಾಗಿ, ಒತ್ತಲು ಜಾಸ್ತಿ ಬಲ ಬೇಕಾಗುತ್ತದೆ. ಕೇಬಲ್ ಒಳಗೆ ಎಳೆಗಳು ಬಿಚ್ಚಿಕೊಂಡರೂ ಗಟ್ಟಿಯಾಗುತ್ತದೆ. ಆಗ ಒತ್ತುವಾಗ ಮರಳು ಅರೆದ ಹಾಗೆ ಗರಗರ ಅನ್ನಿಸುತ್ತದೆ, ತುಂಡಾಗುವ ದಿನ ದೂರ ಇಲ್ಲ.

19. ಕೆಲವರು ಬೇಕಂತಲೇ ಹೆಲ್ಪರ್ ಸ್ಪ್ರಿಂಗ್ ತೆಗೆದುಹಾಕ್ತಾರಂತೆ. ಹಾಗಾದ್ರೆ ಹೊಸದು ಯಾಕೆ ಹಾಕ್ಬೇಕು?

ತೆಗೆಯುವವರಿದ್ದಾರೆ. ಆ ಸ್ಪ್ರಿಂಗ್ ನಡುವೆ ಪಕ್ಷ ಬದಲಿಸುವುದರಿಂದ ಕ್ಲಚ್ ಕಚ್ಚುವ ಬಿಂದು ಕಾಲಿಗೆ ಸರಿಯಾಗಿ ತಿಳಿಯುವುದಿಲ್ಲ ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಕೆಲವು ಕಾರುಗಳಲ್ಲಿ ಪೆಡಲನ್ನು ಕೊನೆಗೆ ಮೇಲೆ ಹಿಡಿದು ನಿಲ್ಲಿಸುವುದೂ ಅದೇ ಸ್ಪ್ರಿಂಗ್. ಅದನ್ನು ತೆಗೆದರೆ 16, 17ನೇ ಪ್ರಶ್ನೆಯ ತೊಂದರೆಗಳು ಬೆನ್ನಿಗೇ ಬರುತ್ತವೆ. ಬೇರೆ ರಿಟರ್ನ್ ಸ್ಪ್ರಿಂಗ್ ಇಲ್ಲದ ಕಾರಿನಲ್ಲಿ ಈ ಸಾಹಸ ಬೇಡ.

20. ಸ್ಪ್ರಿಂಗ್ ಹಾಕಿದ ಮೇಲೆ ಫ್ರೀ ಪ್ಲೇ ಮತ್ತೆ ಅಡ್ಜಸ್ಟ್ ಮಾಡಬೇಕಾ? ಎಷ್ಟಿರಬೇಕು?

ಹಳೆ ಸ್ಪ್ರಿಂಗ್ ತೆಗೆದು ಅದೇ ಬಗೆಯದು ಹಾಕಿದ್ದರೆ ಅಡ್ಜಸ್ಟ್ ಮಾಡುವ ಅಗತ್ಯ ಬೀಳುವುದಿಲ್ಲ, ಒಮ್ಮೆ ಅಳೆದು ನೋಡಿದರೆ ಸಾಕು. ಪೆಡಲ್ ಪಕ್ಕ ಸ್ಕೇಲ್ ಹಿಡಿದು, ಕಾಲಲ್ಲ, ಬೆರಳಿಂದ ಒತ್ತಿ. ಬಿಗಿ ಸಿಗುವ ತನಕ ಎಷ್ಟು ಇಳಿಯಿತೋ ಅದೇ ಫ್ರೀ ಪ್ಲೇ. ಅಡ್ಜಸ್ಟ್ ಮಾಡುವ ಕೇಬಲ್ ಇರುವ ಬಹಳಷ್ಟು ಕಾರುಗಳಲ್ಲಿ ಇದು 10ರಿಂದ 25 ಮಿಲಿಮೀಟರ್ ಒಳಗೆ ಬರುತ್ತದೆ, ಹೈಡ್ರಾಲಿಕ್‌ನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ. ಕೊನೆ ಮಾತು ನಿಮ್ಮ ಕಾರಿನ ಮ್ಯಾನ್ಯುಯಲ್‌ದು. ಮುರಿದ ಸ್ಪ್ರಿಂಗ್ ಜೊತೆ ಓಡಿಸುವಾಗ ಯಾರಾದರೂ ಕೇಬಲ್ ಬಿಗಿ ಮಾಡಿ ಪೆಡಲ್ ಮೇಲೆ ತಂದಿದ್ದರೆ, ಈಗ ಅದನ್ನು ಮೊದಲಿನ ಜಾಗಕ್ಕೆ ಸಡಿಲಿಸಲೇಬೇಕು.

21. ಹೋದ ವರ್ಷ ಹೊಸದು ಹಾಕಿಸಿದ್ದೆ, ಮತ್ತೆ ಮುರೀತು. ಯಾಕೆ?

ಮುರಿದ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿ. ಉತ್ತರದ ಅರ್ಧ ಅಲ್ಲೇ ಇರುತ್ತದೆ. ಒಂದು ಭಾಗ ಕಪ್ಪಗೆ ಅಥವಾ ತುಕ್ಕಿನ ಬಣ್ಣ, ಉಳಿದದ್ದು ಹೊಳೆಯುವ ಬೂದು ಇದ್ದರೆ, ಕಪ್ಪು ಭಾಗ ಹಳೆಯ ಬಿರುಕು. ಅದು ಒತ್ತಿದಷ್ಟೂ ಬೆಳೆದು, ಉಳಿದ ಹೊಳೆಯುವ ಭಾಗ ಕೊನೆ ದಿನ ಒಮ್ಮೆಗೇ ಹೋಗಿದೆ. ಇಡೀ ತುದಿ ಹೊಳೆಯುತ್ತಿದ್ದು, ಸವೆತ, ತುಕ್ಕು ಯಾವುದೂ ಇಲ್ಲದಿದ್ದರೆ ಸಾಮಾನೇ ಕಳಪೆ ಇರಬಹುದು. ಸರಿಯಾಗಿ ಮಾಡದ ಲೇಪನದಿಂದಲೂ ಸ್ಪ್ರಿಂಗ್ ಉಕ್ಕು ಪೆಡಸಾಗುತ್ತದೆ.

ಮುರಿಯುವುದು ಹೆಚ್ಚಾಗಿ ಕೊಕ್ಕೆಯ ಬಾಗಿನಲ್ಲೇ. ಎಳೆತದ ಒತ್ತಡ ಅಲ್ಲಿ ಅತಿ ಜಾಸ್ತಿ. ಅದರ ಮೇಲೆ ಒದ್ದೆ ಚಪ್ಪಲಿ, ಮಳೆ ನೀರು, ಉಪ್ಪಿನ ಗಾಳಿ ಸೇರಿ ತುಕ್ಕಿನ ಗುಳಿ ಬಿದ್ದರೆ ಬಿರುಕು ಅಲ್ಲಿಂದ ಶುರು.

ಒಂದೇ ವರ್ಷದಲ್ಲಿ ಎರಡನೇ ಸಲ ಅಂದರೆ ಸ್ಪ್ರಿಂಗ್ ಬಿಟ್ಟು ಸುತ್ತಮುತ್ತ ನೋಡಿ. ಪೆಡಲ್ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಜಾಸ್ತಿ ಆಡಿದರೆ ಬುಶ್ ಸವೆದಿದೆ, ಪೆಡಲ್ ಓರೆಯಾಗಿ ಚಲಿಸಿ ಪ್ರತಿ ಸಲ ಕೊಕ್ಕೆಯನ್ನು ತಿರುಚುತ್ತಿದೆ. ಕೊಕ್ಕೆ ಕೂರುವ ತೂತಿನ ಅಂಚು ಚೂಪಾಗಿದ್ದರೆ ಸಣ್ಣ ಅರದಿಂದ ನಯ ಮಾಡಿ. ಆಮೇಲೆ ಒಬ್ಬರು ಪೆಡಲ್ ಒತ್ತಲಿ, ನೀವು ಟಾರ್ಚ್ ಹಿಡಿದು ಬ್ರಾಕೆಟ್ ಕಡೆ ನೋಡಿ. ಒತ್ತಿದಾಗ ಬ್ರಾಕೆಟ್ ಅಥವಾ ಅದು ಕೂತಿರುವ ಗೋಡೆಯೇ ಬಾಗುತ್ತಿದ್ದರೆ, ವೆಲ್ಡಿಂಗ್ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡರೆ, ಮೂರನೇ ಸ್ಪ್ರಿಂಗ್ ತರುವ ಮೊದಲು ಅದನ್ನು ವೆಲ್ಡ್ ಮಾಡಿಸಬೇಕು.